ಜೈಲಿನಲ್ಲಿರುವವರು ಪಾಲಿನ ದಾವೆ ಹಾಕಿದರೆ ಕೋರ್ಟ್ ಫೀ ಮಾಫಿ ಆಗುತ್ತದೆಯೇ?

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಿಂದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಅವರದೇ ಮಾತಿನಲ್ಲಿ, ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತೇನೆ: “ನಮ್ಮ ಯಜಮಾನರು 2016ರಿಂದ ಹಿಂಡಲಗಾ ಜೈಲಿನಲ್ಲಿದ್ದಾರೆ. ಹೊಲದ ಬದುವಿನ ಜಗಳದಾಗ ಪಕ್ಕದ ಹೊಲದವರು ಸತ್ತರು, ಜೀವಾವಧಿ ಆತು. ಮಾವ 2019ರಲ್ಲಿ ತೀರಿಕೊಂಡ ಮೇಲೆ ಭಾವ ಎಲ್ಲಾ ಜಮೀನಿನ ಉತಾರ (ಪಹಣಿ) ತಮ್ಮ ಹೆಸರಿಗೆ ಮಾಡಿಸಿಕೊಂಡಾರ. ಆರು ಎಕರೆ ಒಣಬೇಸಾಯ, ಊರಾಗ ಒಂದು ಮನೆ, ರೋಡಿಗೆ ಹತ್ತಿ ಎನ್‌ಎ (ಕೃಷಿಯೇತರ) ಆದ 12 ಗುಂಟೆ ಜಾಗ. 12 ಗುಂಟೆ ಮಾರಾಕ ಗಿರಾಕಿ ನೋಡಾಕತ್ಯಾರ. ಒಬ್ಬ ವಕೀಲರನ್ನು ಕೇಳಿದರೆ ಕೋರ್ಟ್ ಫೀ ಐವತ್ತು-ಅರವತ್ತು ಸಾವಿರ ಆಗತೈತಿ ಅಂದರು. ನಾನು ಹೊಲಿಗೆ ಹಾಕಿ ಇಬ್ಬರು ಮಕ್ಕಳನ್ನು ಓದಿಸಾಕತ್ತೀನಿ, ಅಷ್ಟು ಎಲ್ಲಿಂದ ತರಲಿ? ಜೈಲಿನಲ್ಲಿದ್ದವರಿಗೆ ಫೀ ಇಲ್ಲ ಅಂತ ಕೆಲವರು, ಜೈಲಿನಲ್ಲಿದ್ದವರು ದಾವೆನೇ ಹಾಕಾಕ ಬರಂಗಿಲ್ಲ ಅಂತ ಕೆಲವರು. ಪಾಪರ್ ಅರ್ಜಿ (ಫೀ ಕಟ್ಟಲಾಗದವರು ಹಾಕುವ ಅರ್ಜಿ) ಹಾಕಿದರೆ ನಮ್ಮನ್ನ ದಿವಾಳಿ ಅಂತ ಬರೀತಾರಂತ, ಹೌದೇನ್ರಿ? ಸೋತರೆ ಅವರ ಶಿಕ್ಷೆ ಹೆಚ್ಚಾಗತೈತೇನು? ಅವರು ಬಿಡುಗಡೆ ಆಗಿ ಬರುವ ತನಕ ಕಾಯುವುದು ಒಳ್ಳೇದೇನು? 2020ರಲ್ಲಿ ಭಾವ ಜೈಲಿಗೆ ಸಂದರ್ಶನಕ್ಕೆ ಹೋದಾಗ ಸೊಸೈಟಿ ಸಾಲದ ಕಾಗದ ಅಂತ ಒಂದೆರಡು ಸಹಿ ಮಾಡಿಸಿಕೊಂಡಿದ್ದರಂತೆ, ಅದರಿಂದ ಏನೂ ಆಗಂಗಿಲ್ಲ ಅನಸತೈತಿ.”

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಹೆದರಿರುವುದು ಕೋರ್ಟ್ ಫೀಗೆ. ನನಗೆ ಹೆಚ್ಚು ಭಯವಾದದ್ದು ಕೊನೆಯ ಸಾಲು ಓದಿದಾಗ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಊರಲ್ಲಿ ಹಬ್ಬಿರುವ ಮಾತುಗಳನ್ನು ಒಂದೊಂದಾಗಿ ಬಿಡಿಸೋಣ.

ಜೈಲಿಗೆ ಹೋದವರಿಗೆ ಆಸ್ತಿಯ ಹಕ್ಕು ಹೋಗುತ್ತದೆ, ದಾವೆ ಹಾಕಲು ಬರುವುದಿಲ್ಲ ಎಂಬುದು ಸುಳ್ಳು. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ ಅಪರಾಧಿಯ ಆಸ್ತಿಯನ್ನೇ ಜಪ್ತಿ ಮಾಡುವ 61, 62ನೇ ಕಲಂಗಳಿದ್ದವು. ಅವನ್ನು 1921ರಲ್ಲೇ ತೆಗೆದುಹಾಕಿದರು. ನೂರು ವರ್ಷದ ಹಿಂದೆ ಸತ್ತ ಕಾನೂನು ನಮ್ಮ ಹಳ್ಳಿ ಕಟ್ಟೆಗಳಲ್ಲಿ ಇನ್ನೂ ಉಸಿರಾಡುತ್ತಿದೆ! ಉಳಿದಿರುವ ಅಡ್ಡಿ ಒಂದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ, ಕೊಲೆ ಮಾಡಿದವನು ಯಾರನ್ನು ಕೊಂದನೋ ಅವರ ಆಸ್ತಿಗೆ ವಾರಸುದಾರ ಆಗಲಾರ. ನಿಮ್ಮ ಯಜಮಾನರ ಪ್ರಕರಣದಲ್ಲಿ ಸತ್ತವರು ಪಕ್ಕದ ಹೊಲದವರು, ಆಸ್ತಿ ನಿಮ್ಮ ಮಾವನದು. ಆ ಕಲಂ ಇಲ್ಲಿಗೆ ಬರುವುದಿಲ್ಲ. ಭಾವ ಇದನ್ನು ಹೇಳಿ ಹೆದರಿಸಿದರೆ ಹೆದರಬೇಡಿ.

ಇನ್ನು ಜೈಲಿನಲ್ಲಿದ್ದವರಿಗೆ ಫೀ ಇಲ್ಲ ಎಂಬ ಮಾತು. ಅದು ಪೂರ್ತಿ ಸುಳ್ಳಲ್ಲ, ನಿಮ್ಮ ಕೆಲಸಕ್ಕೆ ಬರುವಷ್ಟು ನಿಜವೂ ಅಲ್ಲ. 1870ರ ನ್ಯಾಯಾಲಯ ಶುಲ್ಕ ಕಾಯ್ದೆಯ 19ನೇ ಕಲಮಿನಲ್ಲಿ ಕೈದಿ ಕೊಡುವ ಅರ್ಜಿಗೆ ಶುಲ್ಕವಿಲ್ಲ ಎಂಬ ಸಾಲು ಇದೆ. ಅದನ್ನೇ ಯಾರೋ ಓದಿ ಊರೆಲ್ಲ ಹೇಳಿರಬೇಕು. ಆದರೆ ಅರ್ಜಿ ಬೇರೆ, ದಾವೆಯ ವಾದಪತ್ರ ಬೇರೆ. ನಮ್ಮ ರಾಜ್ಯದ ಕೋರ್ಟುಗಳಲ್ಲಿ ದಾವೆಯ ಶುಲ್ಕ ಲೆಕ್ಕ ಹಾಕುವುದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯ್ದೆಯ ಪ್ರಕಾರ. ಪಾಲಿನ ದಾವೆ ಹಾಕುವವನು ಜೈಲಿನಲ್ಲಿದ್ದಾನೆಂದು ಆತನ ವಾದಪತ್ರಕ್ಕೆ ತಾನಾಗಿ ಮಾಫಿ ಸಿಗುವುದಿಲ್ಲ. ಜೈಲಿನಿಂದ ದೊಡ್ಡ ಕೋರ್ಟಿಗೆ ಕಾಗದ ಬರೆದರೆ ಸಾಕು ಎನ್ನುವವರೂ ಇದ್ದಾರೆ. ದೆಹಲಿಯ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಕಾಗದವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ತೆಗೆದುಕೊಂಡು 1979ರಲ್ಲಿ ತೀರ್ಪು ಕೊಟ್ಟದ್ದು ಹೌದು. ಅದು ಇನ್ನೊಬ್ಬ ಕೈದಿಗೆ ಜೈಲಿನೊಳಗೆ ಕೊಟ್ಟ ಚಿತ್ರಹಿಂಸೆಯ ವಿಷಯ. ಅಣ್ಣತಮ್ಮಂದಿರ ಹೊಲದ ಪಾಲನ್ನು ಯಾವ ನ್ಯಾಯಮೂರ್ತಿಯೂ ಕಾಗದದ ಮೇಲೆ ಹಂಚುವುದಿಲ್ಲ.

ನಿಮ್ಮ ಸೋದರಳಿಯ ಮೊಬೈಲಿನಲ್ಲಿ ಹುಡುಕಿ, ಕೈದಿಯ ಖಾತೆಯಿಂದ ತಿಂಗಳಿಗೆ ನೂರಕ್ಕೆ ಇಪ್ಪತ್ತರಂತೆ ಫೀ ಮುರಿದುಕೊಳ್ಳುತ್ತಾರೆ, ಮೂರು ಕೇಸು ವಜಾ ಆದರೆ ಮುಂದೆ ಈ ಸೌಲಭ್ಯ ಇಲ್ಲ ಎಂದು ಹೇಳಿದ್ದಾನೆ ಎಂದೂ ಬರೆದಿದ್ದೀರಿ. ಹುಡುಗ ಹುಡುಕಿದ್ದು ಸರಿಯಾಗೇ ಇದೆ, ದೇಶ ಮಾತ್ರ ಬೇರೆ. ಅದು ಅಮೆರಿಕದ ಫೆಡರಲ್ ಕೋರ್ಟುಗಳಿಗೆ 1996ರಲ್ಲಿ ಬಂದ ಕಾನೂನು. ಅಲ್ಲಿ ಬಡ ಕೈದಿಗೂ ಫೀ ಪೂರ್ತಿ ಮಾಫಿ ಇಲ್ಲ, ಕಂತು ಮಾತ್ರ. ನಮ್ಮಲ್ಲಿ ಅಂಥ ಕಂತೂ ಇಲ್ಲ, ಮೂರರ ಲೆಕ್ಕವೂ ಇಲ್ಲ.

ನಮ್ಮಲ್ಲಿ ಇರುವುದು ಎರಡು ಬಾಗಿಲು. ಒಂದಕ್ಕೆ ಕೈದಿಯಾಗಿದ್ದರೆ ಸಾಕು, ಇನ್ನೊಂದಕ್ಕೆ ಬಡವನಾಗಿರಬೇಕು. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಅದಕ್ಕಿಂತ ಮೊದಲು ಒಂದು ಮಾತು ಕೇಳುತ್ತೇನೆ. ಫೀ ನಿಜವಾಗಿಯೂ ಅಷ್ಟಾಗುತ್ತದೆಯೇ? ಮಾಫಿ ಕೇಳುವ ಮೊದಲು ಸಾಲ ಎಷ್ಟೆಂದು ನೋಡಬೇಕಲ್ಲ. ಮೂವತ್ತು ವರ್ಷದ ವಕೀಲಿಯಲ್ಲಿ, ಅದರಲ್ಲೂ ಕಾನೂನು ಸೇವಾ ಪ್ಯಾನಲ್‌ನಲ್ಲಿ ಕೂತು ಜೈಲಿನ ಕಾಗದಗಳನ್ನು ನೋಡಿದ ವರ್ಷಗಳಲ್ಲಿ, ಇನ್ನೂರು ರೂಪಾಯಿ ಫೀ ಕಟ್ಟಬೇಕಾದವರು ಸಾವಿರಾರು ರೂಪಾಯಿಗೆ ಹೆದರಿ ಕೂತದ್ದನ್ನು ಬಹಳ ಸಲ ಕಂಡಿದ್ದೇನೆ.

1958ರ ಕಾಯ್ದೆಯ 35ನೇ ಕಲಂ ಪಾಲಿನ ದಾವೆಗೆ ಎರಡು ದಾರಿ ಹಾಕಿದೆ. ವಾದಿ ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ ನಿಗದಿತ ಶುಲ್ಕ: ಪಾಲಿನ ಮೌಲ್ಯ 10,000 ರೂಪಾಯಿಗಿಂತ ಎಷ್ಟೇ ಹೆಚ್ಚಿದ್ದರೂ 200 ರೂಪಾಯಿ. ವಾದಿಯನ್ನು ಸ್ವಾಧೀನದಿಂದ ಹೊರಹಾಕಿದ್ದರೆ ಆತನ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ. ನಿಮ್ಮ ವಕೀಲರು ಹೇಳಿದ ಐವತ್ತು-ಅರವತ್ತು ಸಾವಿರ ಬಂದಿರುವುದು ಈ ಎರಡನೆಯ ದಾರಿಯಿಂದ.

ಹಾಗಾದರೆ ಜೈಲಿನಲ್ಲಿರುವ ಮನುಷ್ಯ ಹೊಲದ ಸ್ವಾಧೀನದಲ್ಲಿ ಇರುವುದು ಹೇಗೆ? ಕಾನೂನಿನ ಕಣ್ಣಿಗೆ ಒಬ್ಬ ಸಹಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಸ್ವಾಧೀನ. ಅಣ್ಣ ಉಳುತ್ತಿದ್ದರೆ ತಮ್ಮನೂ ಸ್ವಾಧೀನದಲ್ಲಿದ್ದಂತೆಯೇ, ತಮ್ಮ ಬೆಂಗಳೂರಿನಲ್ಲಿರಲಿ, ಜೈಲಿನಲ್ಲಿರಲಿ. ನೀಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಪಾಲಿನ ಉತ್ಪನ್ನ ಕೊಡುತ್ತಿಲ್ಲ ಎಂದ ಮಾತ್ರಕ್ಕೆ ಹೊರಹಾಕಿದಂತಾಗುವುದಿಲ್ಲ, ಶುಲ್ಕ ಯಾವುದೆಂದು ನೋಡಬೇಕಾದದ್ದು ವಾದಪತ್ರದಲ್ಲಿ ವಾದಿ ಬರೆದ ಮಾತಿನಿಂದ. ಉತಾರದಲ್ಲಿ ಭಾವನ ಹೆಸರು ಬಂದದ್ದೂ ಕಂದಾಯದ ಲೆಕ್ಕಕ್ಕೆ. ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ, ಹೋಗುವುದೂ ಇಲ್ಲ.

ಆದ್ದರಿಂದ ವಾದಪತ್ರ ಬರೆಯುವಾಗ ಗುಮಾಸ್ತರು ಹಳೆಯ ನಮೂನೆಯಿಂದ ನಕಲು ಮಾಡಿ “ಪ್ರತಿವಾದಿಯು ವಾದಿಯನ್ನು ಪೂರ್ಣವಾಗಿ ಹೊರಹಾಕಿರುತ್ತಾನೆ” ಎಂದು ಸಿಟ್ಟಿನ ಸಾಲು ಸೇರಿಸಿದರೆ ಆ ಒಂದು ಸಾಲಿಗೆ ಹತ್ತಾರು ಸಾವಿರ ತೆರಬೇಕಾಗುತ್ತದೆ. ಹಾಗೆಂದು ಸುಳ್ಳು ಬರೆಸಿ ಎನ್ನುತ್ತಿಲ್ಲ. ಆರು ಎಕರೆಯ ವಿಷಯದಲ್ಲಿ ನಿಮಗೆ 2021ರವರೆಗೂ ಕಾಳು-ಕಡಿ ಬರುತ್ತಿತ್ತು ಎಂದು ಬರೆದಿದ್ದೀರಿ, ಊರಿನ ಮನೆಯ ಒಂದು ಕೋಣೆಗೆ ಇನ್ನೂ ನಿಮ್ಮ ಬೀಗ ಇದೆ. ಅದು ಜಂಟಿ ಸ್ವಾಧೀನಕ್ಕೆ ಒಳ್ಳೆಯ ಆಧಾರ. ಅದನ್ನು ವಾದಪತ್ರದಲ್ಲಿ ಮೊದಲ ಪುಟದಲ್ಲೇ ಹೇಳಿಸಿ. 12 ಗುಂಟೆಗೆ ಭಾವ ತಂತಿಬೇಲಿ ಹಾಕಿಸಿ, ನಿನಗೇನೂ ಇಲ್ಲ ಎಂದು ಜೈಲಿಗೆ ಕಾಗದ ಬರೆದಿದ್ದಾರೆ ಎಂದಿರಲ್ಲ, ತಕರಾರು ಬರುವುದು ಅಲ್ಲೇ.

ಹೊರಹಾಕಿದ್ದಾರೆ ಎಂದೇ ತೀರ್ಮಾನವಾದರೂ ಸಾಗುವಳಿ ಜಮೀನಿಗೆ ಪೇಟೆಯ ದರ ಹಿಡಿಯುವುದಿಲ್ಲ. ಅದೇ ಕಾಯ್ದೆಯ 7ನೇ ಕಲಂ ಪ್ರಕಾರ ಅದರ ಮೌಲ್ಯವೆಂದರೆ ಕಂದಾಯದ ಇಪ್ಪತ್ತೈದು ಪಟ್ಟು. ನೀವು ಕಳಿಸಿದ ಉತಾರದಲ್ಲಿ ಆಕಾರ, ಅಂದರೆ ಕಂದಾಯ, 14 ರೂಪಾಯಿ 40 ಪೈಸೆ ಇದೆ. ಇಪ್ಪತ್ತೈದರಿಂದ ಗುಣಿಸಿದರೆ 360 ರೂಪಾಯಿ. ಅತ್ತೆ, ಭಾವ, ನಿಮ್ಮ ಯಜಮಾನರು, ನಾದಿನಿ, ಹೀಗೆ ನಾಲ್ಕು ಪಾಲೆಂದು ಹಿಡಿದರೆ ಒಂದು ಪಾಲಿನ ಮೌಲ್ಯ 90 ರೂಪಾಯಿ. ಆರು ಎಕರೆಗೆ ನೀವು ಹೆದರಬೇಕಾದ ಫೀ ಇಷ್ಟರ ಮೇಲೆ. ಎನ್‌ಎ ಆದ ಜಾಗಕ್ಕೂ ಮನೆಗೂ ಈ ರಿಯಾಯಿತಿ ಇಲ್ಲ. ಅವುಗಳಿಗೆ ಮಾರುಕಟ್ಟೆ ಬೆಲೆಯೇ. ದೊಡ್ಡ ಮೊತ್ತ ಪೂರ್ತಿ ಆ 12 ಗುಂಟೆಯದ್ದು.

ಹಾಗಾಗಿ ನನ್ನ ಅಭಿಪ್ರಾಯ: ಇದ್ದದ್ದನ್ನು ಇದ್ದಂತೆ ಹೇಳಿ, ಜಂಟಿ ಸ್ವಾಧೀನದ ಆಧಾರದ ಮೇಲೆ 200 ರೂಪಾಯಿ ಫೀ ಕಟ್ಟಿ ದಾವೆ ಹಾಕಲು ಆಗುತ್ತದೆಯೇ ಎಂದು ವಕೀಲರೊಂದಿಗೆ ಮೊದಲು ಕೂತು ನೋಡಿ. ಭಾವನ ಕಡೆಯವರು ಫೀ ಸಾಲದು ಎಂದು ತಕರಾರು ತೆಗೆಯುತ್ತಾರೆ. ಕೋರ್ಟ್ ಅದನ್ನು ವಿಚಾರಿಸಿ, ಕಡಿಮೆಯಾಗಿದೆ ಎಂದು ಕಂಡರೆ ಬಾಕಿ ಕಟ್ಟಲು ಸಮಯ ಕೊಡುತ್ತದೆ. ಆ ಸಮಯದೊಳಗೆ ಕಟ್ಟದಿದ್ದರೆ ವಾದಪತ್ರ ತಿರಸ್ಕಾರ. ಇದರಲ್ಲಿರುವ ಅಪಾಯ ಅಷ್ಟು.

ಈಗ ಆ ಎರಡು ಬಾಗಿಲು. ಕೈದಿಯಾಗಿದ್ದರೆ ಸಾಕು ಎಂಬುದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ಕಾನೂನು ಸೇವೆಯ ಹಕ್ಕಿದೆ, ಆದಾಯ ಎಷ್ಟೆಂದು ಕೇಳುವಂತಿಲ್ಲ. ಅದು ಕ್ರಿಮಿನಲ್ ಕೇಸಿಗೆ ಮಾತ್ರ ಎಂದು ಜೈಲಿನೊಳಗೂ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಸಿವಿಲ್ ದಾವೆಗೂ ಅದು ಸಿಗುತ್ತದೆ. 13ನೇ ಕಲಂ ಒಂದು ಷರತ್ತು ಹಾಕಿದೆ: ದಾವೆಯಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು. ನಿಮ್ಮದರಲ್ಲಿ ಇದೆ. ವಕೀಲರ ಸಂಭಾವನೆ ಮಾತ್ರವಲ್ಲ, ಕೋರ್ಟ್ ಫೀ, ಸಮನ್ಸ್ ಖರ್ಚು, ನಕಲುಗಳ ಖರ್ಚು ಕೂಡ ಕಾನೂನು ಸೇವೆಯೊಳಗೆ ಬರುತ್ತವೆ. ನನ್ನ ಅನುಭವದಲ್ಲಿ ಚಿಕ್ಕ ಮೊತ್ತವಿದ್ದರೆ ಪ್ರಾಧಿಕಾರದವರು ತಾವೇ ಕಟ್ಟುತ್ತಾರೆ. ಮೊತ್ತ ದೊಡ್ಡದಾದರೆ ಪ್ಯಾನಲ್ ವಕೀಲರ ಕೈಯಲ್ಲಿ ಎರಡನೇ ಬಾಗಿಲಿನ ಅರ್ಜಿ ಹಾಕಿಸುತ್ತಾರೆ.

ಅರ್ಜಿ ಕೊಡುವುದು ಸುಲಭ. ಜೈಲಿನಲ್ಲೇ ಕಾನೂನು ನೆರವು ಕ್ಲಿನಿಕ್ ಇರುತ್ತದೆ, ಭೇಟಿಗೆ ಬರುವ ಪ್ಯಾನಲ್ ವಕೀಲರಿರುತ್ತಾರೆ, ಅರೆಕಾನೂನು ಸ್ವಯಂಸೇವಕರಿರುತ್ತಾರೆ. ನಿಮ್ಮ ಯಜಮಾನರು ಅಲ್ಲಿ ಅರ್ಜಿ ಬರೆದರೆ ಸೂಪರಿಂಟೆಂಡೆಂಟರ ಮೂಲಕ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತದೆ. ಇಲ್ಲವೇ ನೀವೇ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೊಡಬಹುದು. ಸಹಾಯವಾಣಿ 15100. ಜೈಲಿನ ಕ್ಲಿನಿಕ್‌ಗಳು ಚೆನ್ನಾಗಿ ನಡೆಯಬೇಕೆಂದು ಸುಪ್ರೀಂ ಕೋರ್ಟ್ ಅಕ್ಟೋಬರ್ 2024ರಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ ವಿವರವಾಗಿ ನಿರ್ದೇಶನ ಕೊಟ್ಟಿದೆ. ದಾವೆ ಹಾಕಬೇಕಾದ ಕೋರ್ಟು ಮಾತ್ರ ಜೈಲಿರುವ ಊರಿನದಲ್ಲ, ಜಮೀನು ಇರುವ ತಾಲ್ಲೂಕಿನದು.

ಎರಡನೇ ಬಾಗಿಲು ನೀವು ಹೆದರಿದ ಪಾಪರ್ ಅರ್ಜಿ. ಹೆಸರು ಕೇಳಿದರೇ ಮರ್ಯಾದಸ್ಥರು ಹಿಂದೆ ಸರಿಯುತ್ತಾರೆ. ‘ಪಾಪರ್ ಚೀಟಿ ತಗೊಂಡ’ ಎಂದರೆ ನಮ್ಮ ಕಡೆ ಸಾಲಗಾರರಿಗೆ ಕೈ ಎತ್ತಿದ ಎಂದರ್ಥ. ಆ ಚೀಟಿ ದಿವಾಳಿ ಕಾನೂನಿನದು, ಅದಕ್ಕೂ ಇದಕ್ಕೂ ನಂಟಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿದ್ದ ‘ಪಾಪರ್’ ಎಂಬ ಪದವನ್ನೇ 1976ರ ತಿದ್ದುಪಡಿಯಲ್ಲಿ ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂಬರ್ಥದ ಪದ ಹಾಕಿದರು. ಕೋರ್ಟಿನ ಕಾರಿಡಾರಿನಲ್ಲಿ ಮಾತ್ರ ಹಳೆಯ ಹೆಸರೇ ಓಡಾಡುತ್ತಿದೆ. ನಿಮ್ಮ ರೇಷನ್ ಕಾರ್ಡಿಗಾಗಲಿ, ಸಂಘದ ಸಾಲಕ್ಕಾಗಲಿ, ಮಕ್ಕಳ ಹೆಸರಿಗಾಗಲಿ ಇದರಿಂದ ಏನೂ ಅಂಟುವುದಿಲ್ಲ.

ಇಲ್ಲಿ ಕೋರ್ಟ್ ಕೇಳುವ ಪ್ರಶ್ನೆ ಒಂದೇ: ಈ ದಾವೆಯ ಫೀ ಕಟ್ಟುವಷ್ಟು ಶಕ್ತಿ ಈ ಮನುಷ್ಯನಿಗೆ ಇದೆಯೇ? ಭಿಕ್ಷೆ ಬೇಡುವ ಸ್ಥಿತಿಯೇ ಇರಬೇಕೆಂದಿಲ್ಲ. ನ್ಯಾಯವಾದ ದಾರಿಯಲ್ಲಿ ಅಷ್ಟು ಹಣ ಹೊಂದಿಸಲು ಆಗುತ್ತದೆಯೇ ಎಂಬುದನ್ನು ನೋಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೆಕ್ಕ ಹಾಕುವಾಗ ದಾವೆಯಲ್ಲಿರುವ ಆಸ್ತಿಯನ್ನು ಬಿಡುತ್ತಾರೆ. ಕೋಟಿ ಬೆಲೆಯ ಜಾಗಕ್ಕೆ ಜಗಳವಾಡುವವನು ನಿರ್ಗತಿಕ ಹೇಗಾಗುತ್ತಾನೆ ಎಂದು ಎದುರಿನವರು ಕೇಳಿದರೆ ಇದೇ ಉತ್ತರ. ಅದೇ ಸಂಹಿತೆಯ 60ನೇ ಕಲಂ ಪ್ರಕಾರ ಜಪ್ತಿಗೆ ಬಾರದ ವಸ್ತುಗಳನ್ನೂ ಬಿಡುತ್ತಾರೆ: ಉಟ್ಟ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕಸುಬಿನ ಸಲಕರಣೆ, ಸಂಪ್ರದಾಯದಂತೆ ಹೆಂಗಸು ಮೈಮೇಲಿಂದ ತೆಗೆಯದ ಒಡವೆ. ನಿಮ್ಮ ತಾಳಿ ಮಾರಿ ಫೀ ಕಟ್ಟಿ ಎಂದು ಯಾವ ಕೋರ್ಟೂ ಹೇಳುವುದಿಲ್ಲ. ನಿಮ್ಮ ಹೊಲಿಗೆ ಯಂತ್ರವಂತೂ ನಿಮ್ಮದು, ಅರ್ಜಿದಾರರದ್ದಲ್ಲ.

ಅರ್ಜಿ ಬೀಳುವುದು ಬಡತನ ಸಾಲದೆ ಅಲ್ಲ, ಮುಚ್ಚಿಟ್ಟದ್ದರಿಂದ. ಒಂದು ಸಂಗತಿ ಹೇಳುತ್ತೇನೆ, ಹೆಸರು ಬೇಡ. ಜೈಲಿನ ಸಂದರ್ಶನ ಕೋಣೆಯಲ್ಲಿ ಜಾಲರಿಯ ಆಚೆ ನನ್ನ ಕಕ್ಷಿದಾರ ನಿಂತಿದ್ದ, ಈಚೆ ನಾನು ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು ಅವನ ಆಸ್ತಿಪಟ್ಟಿ ಬರೆಯುತ್ತಿದ್ದೆ. ಅಕ್ಕಪಕ್ಕದಲ್ಲಿ ಹತ್ತು ಜನ ಕೂಗಿ ಮಾತಾಡುವ ಗದ್ದಲ. “ಟ್ರಂಕು ಒಂದು, ಕಂಬಳಿ ಎರಡು, ಊರಾಗ ಸೈಕಲ್ ಇತ್ತು, ಈಗ ಐತೋ ಇಲ್ಲೋ” ಎಂದ. ಬರೆದೆ. ಜೈಲಿನ ನೇಯ್ಗೆ ವಿಭಾಗದಲ್ಲಿ ದುಡಿದ ಕೂಲಿ ಅವನ ಖಾತೆಯಲ್ಲಿ ಹನ್ನೊಂದು ಸಾವಿರದಷ್ಟಿತ್ತು. ಅದು ಆಸ್ತಿಯೆಂದು ಅವನಿಗೆ ಹೊಳೆಯಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ವಿಚಾರಣೆಯ ದಿನ ಎದುರಿನ ವಕೀಲರು ಆ ಖಾತೆಯ ವಿವರ ತರಿಸಿಕೊಂಡೇ ಬಂದಿದ್ದರು. ಹನ್ನೊಂದು ಸಾವಿರಕ್ಕೆ ಆ ದಾವೆಯ ಫೀಯ ಕಾಲು ಭಾಗವೂ ಆಗುತ್ತಿರಲಿಲ್ಲ, ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಬರೆಯದೆ ಇದ್ದದ್ದಕ್ಕೆ ಅರ್ಜಿ ವಜಾ ಆಯಿತು. ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ, “ಜೈಲಿನ ಖಾತೆಯಲ್ಲಿ ಎಷ್ಟಿದೆ?”

ಇನ್ನೂ ಕೆಲವು ಬಲೆಗಳಿವೆ. ಅರ್ಜಿ ಹಾಕುವ ಹಿಂದಿನ ಎರಡು ತಿಂಗಳಲ್ಲಿ ಬಡವನೆಂದು ತೋರಿಸಲು ಏನಾದರೂ ಮಾರಿದ್ದರೆ, ಪರಭಾರೆ ಮಾಡಿದ್ದರೆ ಅರ್ಜಿ ಬೀಳುತ್ತದೆ. ಹೆಚ್ಚು ಜನ ಸಿಕ್ಕಿಬೀಳುವುದು ಇನ್ನೊಂದರಲ್ಲಿ. ಕೇಸಿನ ಖರ್ಚೆಲ್ಲ ನಾನು ನೋಡಿಕೊಳ್ಳುತ್ತೇನೆ, ಗೆದ್ದರೆ ಇಷ್ಟು ಗುಂಟೆ ನನಗೆ ಬರೆದುಕೊಡಿ ಎಂದು ಯಾರಾದರೂ ಬಂದೇ ಬರುತ್ತಾರೆ, ಅದರಲ್ಲೂ ರೋಡಿಗೆ ಹತ್ತಿದ ಎನ್‌ಎ ಜಾಗವಿದ್ದರೆ. ಅಂಥ ಕರಾರು ಮಾಡಿಕೊಂಡವರಿಗೆ 33ನೇ ಆದೇಶದ ಮಾಫಿ ಇಲ್ಲ. ಮಾಫಿ ಸಿಕ್ಕ ಮೇಲೆ ಕರಾರು ಹೊರಬಿದ್ದರೂ ಕೋರ್ಟ್ ಅನುಮತಿ ಹಿಂದಕ್ಕೆ ಪಡೆಯಬಹುದು. ಬಿಳಿ ಹಾಳೆಯ ಮೇಲೂ ಬರೆದುಕೊಡಬೇಡಿ.

ವಿಧಾನದಲ್ಲಿ ಜೈಲಿನವರಿಗೆ ಒಂದು ತೊಡಕಿದೆ. ಈ ಅರ್ಜಿಯನ್ನು ಅರ್ಜಿದಾರನೇ ಖುದ್ದಾಗಿ ಕೋರ್ಟಿಗೆ ಹಾಜರುಪಡಿಸಬೇಕು. ಹಾಜರಾತಿಯಿಂದ ವಿನಾಯಿತಿ ಪಡೆದರೆ, ಎಲ್ಲ ಪ್ರಶ್ನೆಗೂ ಉತ್ತರಿಸಬಲ್ಲ ಅಧಿಕೃತ ಪ್ರತಿನಿಧಿ ಕೊಡಬಹುದು. ನಿಮ್ಮ ಯಜಮಾನರಿಂದ ನಿಮ್ಮ ಹೆಸರಿಗೆ ಮುಖತ್ಯಾರಪತ್ರ ಮಾಡಿಸಿ, ವಿನಾಯಿತಿ ಕೋರುವ ಅರ್ಜಿಯ ಜೊತೆ ನೀವೇ ಕೊಡಿ. ವಕಾಲತ್ತಿಗೆ ಅವರ ಸಹಿ ಜೈಲು ಅಧಿಕಾರಿಯ ಎದುರು ಆಗಿ ದೃಢೀಕರಣ ಬೀಳಬೇಕು. ಮುಂದೆ ಸಾಕ್ಷಿ ಹೇಳುವ ಹಂತದಲ್ಲಿ ಅವರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರ ಬದಲು ನೀವು ಹೇಳಲಾಗದು. ಆಗ ವಿಡಿಯೊ ಕಾನ್ಫರೆನ್ಸ್ ಕೇಳಬಹುದು, ಕಮಿಷನರ್ ನೇಮಿಸಿ ಜೈಲಿನಲ್ಲೇ ಹೇಳಿಕೆ ತೆಗೆಸಬಹುದು, ಬೇಕಾದರೆ ಅದೇ ಸಂಹಿತೆಯ 16ಎ ಆದೇಶದಡಿ ಕರೆತರಿಸಬಹುದು. ಜೈಲು ಕೋರ್ಟಿನಿಂದ 25 ಕಿಲೋಮೀಟರಿಗಿಂತ ದೂರವಿದ್ದರೆ ಕಮಿಷನ್ ಸಾಲದೆಂದು ಮನವರಿಕೆ ಆದರೆ ಮಾತ್ರ ಕೋರ್ಟ್ ಹಾಗೆ ಕರೆಸುತ್ತದೆ.

ಅರ್ಜಿ ಬಂದ ಮೇಲೆ ನಿರ್ಗತಿಕರು ಹೌದೋ ಅಲ್ಲವೋ ಎಂದು ಕೋರ್ಟಿನ ಶಿರಸ್ತೇದಾರರು ಮೊದಲು ವಿಚಾರಿಸುತ್ತಾರೆ. ಸರ್ಕಾರಿ ವಕೀಲರಿಗೂ ಭಾವನವರಿಗೂ ನೋಟಿಸು ಹೋಗುತ್ತದೆ. ಹೇಳಿದಷ್ಟು ಬೇಗ ಇದು ನಡೆಯುವುದಿಲ್ಲ. ನಾನು ನಡೆಸಿದವುಗಳಲ್ಲಿ ಒಂದು ವರ್ಷದೊಳಗೆ ಮುಗಿದದ್ದು ಕಡಿಮೆ. ಅಷ್ಟರಲ್ಲಿ 12 ಗುಂಟೆ ಕೈಬಿಟ್ಟು ಹೋದೀತು ಎಂಬುದೇ ಈ ದಾರಿಯ ದೊಡ್ಡ ಅಪಾಯ, ಆದ್ದರಿಂದ ಅರ್ಜಿಯ ಜೊತೆಗೇ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು.

ಸೋತರೆ? ಶಿಕ್ಷೆಗೂ ಸಿವಿಲ್ ದಾವೆಗೂ ಸಂಬಂಧವೇ ಇಲ್ಲ, ಒಂದು ದಿನವೂ ಹೆಚ್ಚಾಗುವುದಿಲ್ಲ. ಆದರೆ ಬಿಟ್ಟುಕೊಟ್ಟ ಫೀ ಪೂರ್ತಿ ಮನ್ನಾ ಎಂದುಕೊಳ್ಳಬೇಡಿ, ಅದು ಮುಂದೂಡಿದ ಲೆಕ್ಕ. ದಾವೆ ಸೋತರೆ ಫೀ ಕಟ್ಟಲು ಕೋರ್ಟ್ ಆದೇಶಿಸುತ್ತದೆ, ಕಂದಾಯ ಬಾಕಿಯಂತೆ ವಸೂಲಿ ಮಾಡಬಹುದು. ಗೆದ್ದರೂ ಸರ್ಕಾರದ ಫೀಗೆ ಗೆದ್ದ ಆಸ್ತಿಯ ಮೇಲೆ ಮೊದಲ ಹಕ್ಕು, ಯಾರು ಕಟ್ಟಬೇಕೆಂದು ಡಿಕ್ರಿಯಲ್ಲಿ ಬರೆಯುತ್ತಾರೆ. ಅರ್ಜಿಯೇ ವಜಾ ಆದರೆ ಅಂಥದೇ ಅರ್ಜಿ ಮತ್ತೆ ಹಾಕಲಾಗದು. ಮೇಲ್ಮನವಿ ಇದೆ. ಇನ್ನೊಂದು ಒಳ್ಳೆಯ ನಿಯಮವಿದೆ, 15ಎ: ವಜಾ ಮಾಡುವಾಗಲೇ ಫೀ ಕಟ್ಟಲು ಸಮಯ ಕೇಳಿದರೆ ಕೋರ್ಟ್ ಕೊಡಬಹುದು, ಆ ಸಮಯದೊಳಗೆ ಕಟ್ಟಿದರೆ ದಾವೆ ಅರ್ಜಿ ಹಾಕಿದ ದಿನವೇ ಹಾಕಿದಂತೆ. ಆಗಲೇ ಹೇಳಿದ ನೇಯ್ಗೆಯವನನ್ನು ಉಳಿಸಿದ್ದು ಈ ನಿಯಮ. ಅಕ್ಕಂದಿರು ಇಬ್ಬರು ಸೇರಿ ಹಣ ಹೊಂದಿಸಿದರು.

ಇಷ್ಟೆಲ್ಲ ಸುತ್ತುವ ಬದಲು ಇನ್ನೊಂದು ದಾರಿ ಇದೆ, ನಿಮ್ಮ ಮನೆಯ ಮಟ್ಟಿಗೆ ಅದೇ ಒಳ್ಳೆಯದೇನೋ. ಪಾಲಿನ ದಾವೆಯನ್ನು ನಿಮ್ಮ ಯಜಮಾನರೇ ಹಾಕಬೇಕೆಂದಿಲ್ಲ, ಯಾವ ಪಾಲುದಾರರಾದರೂ ಹಾಕಬಹುದು. ನಾದಿನಿಗೂ ಪಾಲಿದೆ. ಹೆಂಗಸರಿಗೆ ಅದೇ 12ನೇ ಕಲಂ ಪ್ರಕಾರ, ಆದಾಯ ನೋಡದೆ, ಉಚಿತ ವಕೀಲರು ಸಿಗುತ್ತಾರೆ. ಅವರು ವಾದಿಯಾಗಿ, ನಿಮ್ಮ ಯಜಮಾನರು ಪ್ರತಿವಾದಿಗಳಲ್ಲಿ ಒಬ್ಬರಾದರೆ, ಇವರು ಲಿಖಿತ ಹೇಳಿಕೆಯಲ್ಲೇ ನನ್ನ ಪಾಲನ್ನೂ ಬೇರೆ ಮಾಡಿಕೊಡಿ ಎಂದು ಕೇಳಬಹುದು. ಅದಕ್ಕೆ ಫೀ ವಾದಿಗಿಂತ ಕಡಿಮೆ. ನಾದಿನಿ ಅಣ್ಣನ ಎದುರು ನಿಲ್ಲುತ್ತಾರೆಯೇ, ಅತ್ತೆ ಯಾರ ಕಡೆ ಮಾತಾಡುತ್ತಾರೆ ಎಂಬುದು ನಿಮಗೇ ಗೊತ್ತು. ಹಬ್ಬಕ್ಕೆ ಕರೆಯುವ ತವರು ಮನೆ ಮುಚ್ಚುತ್ತದೆ ಎಂಬ ಭಯದಲ್ಲಿ ಹಿಂಜರಿದ ಹೆಣ್ಣುಮಕ್ಕಳನ್ನು ನಾನು ತಪ್ಪೆನ್ನಲಾರೆ. ಭಾವ ಮಾತಿಗೆ ಬರುವವರಾದರೆ ದಾವೆಗೂ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು. ಅಲ್ಲಿ ಫೀ ಇಲ್ಲ, ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಸಹಿ ಹಾಕುವ ಮೊದಲು ಯಜಮಾನರಿಗೆ ಓದಿ ಹೇಳಿಸಿ.

ಬಿಡುಗಡೆಯವರೆಗೆ ಕಾಯಬೇಡಿ. ಅಪ್ರಾಪ್ತರಿಗೆ, ಬುದ್ಧಿಭ್ರಮಣೆಯಾದವರಿಗೆ ಕಾಲಮಿತಿ ಕಾಯ್ದೆ ವಿನಾಯಿತಿ ಕೊಟ್ಟಿದೆ, ಕೈದಿಗೆ ಕೊಟ್ಟಿಲ್ಲ. ಜೈಲಿನ ಗೋಡೆಯೊಳಗೂ ಗಡಿಯಾರ ಓಡುತ್ತಲೇ ಇರುತ್ತದೆ. ತಡವಾದ ದಾವೆಗೆ ವಿಳಂಬ ಮನ್ನಿಸಿ ಎಂದು ಕೇಳುವ ಅವಕಾಶವೂ ಇಲ್ಲ, ಅದು ಮೇಲ್ಮನವಿಗಳಿಗೆ ಇರುವುದು. ಕೂಡು ಕುಟುಂಬದ ಆಸ್ತಿಯಿಂದ ಹೊರಹಾಕಿದ್ದು ಗೊತ್ತಾದ ದಿನದಿಂದ 12 ವರ್ಷ ಗಡುವು. ಭಾವನ ಕಾಗದ 2021ರಲ್ಲಿ ಬಂತು ಎಂದರೆ 2033. ಕೊಲೆ ಪ್ರಕರಣದ ಜೀವಾವಧಿಯಲ್ಲಿ 14 ವರ್ಷ ಜೈಲಿನಲ್ಲಿ ಕಳೆಯದೆ ಸನ್ನಡತೆಯ ಬಿಡುಗಡೆ ಇಲ್ಲ, ಆಮೇಲೂ ಅದು ಸರ್ಕಾರದ ತೀರ್ಮಾನ. 2016ಕ್ಕೆ 14 ಕೂಡಿಸಿ ನೋಡಿ, ಎಷ್ಟು ಕಿರಿದಾದ ಸಂದಿ ಉಳಿಯುತ್ತದೆ ಎಂದು ಕಾಣುತ್ತದೆ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ. 2020ರಲ್ಲಿ ಸಂದರ್ಶನದಲ್ಲಿ ಹಾಕಿಸಿಕೊಂಡ ಸಹಿಗಳು ಸೊಸೈಟಿ ಸಾಲದ್ದೇ ಆಗಿದ್ದರೆ ಸರಿ. ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರವೋ ವಾಟ್ನಿ (ವಿಭಾಗ) ಪತ್ರವೋ ಆಗಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ. ಸ್ಥಿರಾಸ್ತಿಯ ಹಕ್ಕು ಬಿಟ್ಟ ಪತ್ರ ನೋಂದಣಿಯಾಗಿರದಿದ್ದರೆ ಅದಕ್ಕೆ ಬಲವಿಲ್ಲ. ನೋಂದಣಿಯಾಗಿದ್ದರೆ, ಅದನ್ನು ಬರೆದುಕೊಟ್ಟವರು ನಿಮ್ಮ ಯಜಮಾನರೇ ಆದ್ದರಿಂದ, ಅದನ್ನು ರದ್ದುಮಾಡಿಸಲು ಕೇಳಲೇಬೇಕು. ಅದಕ್ಕೆ ಫೀ ಬೇರೆ, ಗಡುವು ಸತ್ಯ ಗೊತ್ತಾದ ದಿನದಿಂದ ಮೂರೇ ವರ್ಷ.

ನಿಮ್ಮ ಪರವಾಗಿ ಒಂದು ಅಂಶವಿದೆ. ಜೈಲಿನಲ್ಲಿರುವವರು ನೋಂದಣಿ ಕಚೇರಿಗೆ ಬರಬೇಕಾಗಿಲ್ಲ ಎಂದು ನೋಂದಣಿ ಕಾಯ್ದೆಯ 38ನೇ ಕಲಂ ಹೇಳುತ್ತದೆ. ಆದರೆ ಅಧಿಕಾರಿ ತಾವೇ ಜೈಲಿಗೆ ಹೋಗಿ ಕೇಳಬೇಕು, ಇಲ್ಲವೇ ಕಮಿಷನ್ ಕಳಿಸಬೇಕು. ಹಾಗೆ ಯಾರಾದರೂ ಹೋಗಿದ್ದರೆ ಜೈಲಿನ ಗೇಟಿನ ಪುಸ್ತಕದಲ್ಲಿ ಅವರ ಹೆಸರು ಇರಲೇಬೇಕು. ಪತ್ರ ನೋಂದಣಿಯಾಗಿದ್ದು, ಆ ದಿನ ಗೇಟಿನ ಪುಸ್ತಕದಲ್ಲಿ ಅಂಥ ಯಾರ ಹೆಸರೂ ಇಲ್ಲದಿದ್ದರೆ ಭಾವನವರು ಉತ್ತರ ಕೊಡಬೇಕಾಗುತ್ತದೆ.

ಆದ್ದರಿಂದ ಫೀಯ ಚಿಂತೆ ಒಂದು ವಾರ ಬದಿಗಿಡಿ. ಉಪನೋಂದಣಿ ಕಚೇರಿಯಲ್ಲಿ ಅಥವಾ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೂರೂ ಆಸ್ತಿಗಳಿಗೆ 2016ರಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ನಿಮ್ಮ ಯಜಮಾನರ ಹೆಸರಿನ ಪತ್ರವೇನಾದರೂ ಕಂಡರೆ ದೃಢೀಕೃತ ನಕಲು ಪಡೆಯಿರಿ, ಪಡೆದ ತಾರೀಖಿನ ರಸೀದಿ ಜೋಪಾನವಾಗಿಡಿ. ಮುಂದಿನ ಸಂದರ್ಶನಕ್ಕೆ ಹೋದಾಗ ಅವರನ್ನು ಕೇಳಿ: ಸಹಿ ಹಾಕಿದ ದಿನ ಭಾವನ ಜೊತೆ ಬೇರೆ ಯಾರಿದ್ದರು, ಛಾಪಾ ಕಾಗದವೋ ಬಿಳಿ ಹಾಳೆಯೋ, ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರೋ, ಖಾತೆಯಲ್ಲಿ ಈಗ ಎಷ್ಟು ಕೂಲಿ ಜಮೆಯಾಗಿದೆ. ಆ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಾಲ್ಲೂಕು ಸಮಿತಿಗೆ ಹೋಗಿ.